ಶಟರಿನ ಕೆಳಗಿನ ಒಂದು ಬೆರಳು ಸಂದು

ಏಪ್ರಿಲ್ ಬಂತೆಂದರೆ ನಮ್ಮ ಓಣಿಯಲ್ಲಿ ಒಂದೇ ಮಾತು: "ಈ ಸಲ ಶಟರಿಗೆ ರಬ್ಬರ್ ಹಾಕಿಸಿದ್ರಾ?" ನವಿ ಮುಂಬಯಿಯ ಈ ಸಾಲುಮನೆಗೆ ಬಂದು ನಾನು ಇಪ್ಪತ್ತು ವರ್ಷದ ಮೇಲಾಯಿತು. ಕೆಳಗೆ ಗ್ಯಾರೇಜು, ಮೇಲೆ ವಾಸ. ಗ್ಯಾರೇಜು ಅನ್ನುವುದು ಹೆಸರಿಗೆ. ಸ್ಕೂಟರು, ಮಗಳ ಹಳೇ ಸೈಕಲ್ಲು, ಊರಿಂದ ಬಂದ ತೆಂಗಿನಕಾಯಿ ಮೂಟೆ, ನನ್ನ ಹಳೇ 'ಕಸ್ತೂರಿ', 'ತುಷಾರ'ಗಳ ಕಟ್ಟು ಎಲ್ಲ ಅಲ್ಲೇ. ಈ ಕಡೆ ಒಂದು ಕೋಣೆಯಷ್ಟು ಜಾಗ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಾಗಿ ಎಲ್ಲರಿಗೂ ಬೇಕಾದದ್ದು ಒಂದೇ, ಒಂದು ಹನಿಯೂ ಒಳಗೆ ಬರದ ಶಟರು. "ಫುಲ್ ಸೀಲ್ ಮಾಡಿ ಕೊಡ್ತೇನೆ ಸಾಬ್" ಅನ್ನುವವರು ಮಳೆಗೆ ಮುಂಚೆ ಮನೆ ಮನೆಗೂ ಬರುತ್ತಾರೆ. ನಾನೂ ಒಮ್ಮೆ ಮಾಡಿಸಿದೆ. ಈಗ ಯಾರು ಕೇಳಿದರೂ ಮಾಡಿಸಬೇಡಿ ಅನ್ನುತ್ತೇನೆ. ಓಣಿಯಲ್ಲಿ ಇದಕ್ಕೇ ನನಗೆ ತಿಕ್ಕಲು ಅಂತ ಹೆಸರು ಬಂದಿದೆ.

ಮಾಡಿಸಿದ್ದು 2006ರಲ್ಲಿ. ಅದರ ಹಿಂದಿನ ವರ್ಷದ ಜುಲೈ 26 ಯಾರಿಗೆ ಮರೆತೀತು? ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ನಮ್ಮ ಗ್ಯಾರೇಜಿನಲ್ಲಿ ಮೊಣಕಾಲಿನ ತನಕ ನೀರು. ಹೆದರಿದ ಮನುಷ್ಯ ಏನು ಮಾಡುತ್ತಾನೆ? ಸಿಕ್ಕಿದ ಸಂದೆಲ್ಲ ಮುಚ್ಚುತ್ತಾನೆ. ಕೆಳಗೆ ದಪ್ಪ ರಬ್ಬರ್, ಎರಡೂ ಪಕ್ಕಕ್ಕೆ ಪಟ್ಟಿ, ಮೇಲೆ ಶಟರು ಸುತ್ತಿಕೊಳ್ಳುವ ಡಬ್ಬಿಯ ಸುತ್ತ ಸಿಲಿಕೋನು, ಹಿಂದಿನ ಗೋಡೆಯ ಗಾಳಿಕಿಂಡಿಗೂ ಪ್ಲೈವುಡ್ಡು. ಆ ಮಳೆಗಾಲ ಒಂದು ತೊಟ್ಟು ನೀರೂ ಒಳಗೆ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಪುಸ್ತಕದ ಕಟ್ಟು ಬಿಚ್ಚಿದರೆ ಹಾಳೆಗೆ ಹಾಳೆ ಅಂಟಿ, ಮೇಲೆಲ್ಲ ಹಸಿರು ಬೂಷ್ಟು. ಸೈಕಲ್ಲಿನ ಚೈನು ತುಕ್ಕು ಹಿಡಿದು ಕಡ್ಡಿಯಾಗಿತ್ತು. 2005ರ ನೆರೆಯಲ್ಲಿ ಅಟ್ಟದ ಮೇಲಿಟ್ಟು ಉಳಿಸಿಕೊಂಡ ಪುಸ್ತಕಗಳನ್ನು ನಾನೇ ಬಾಗಿಲು ಬಡಿದು ಕೊಂದೆ!

ನೀರು ಬಾರದೆ ತೇವ ಎಲ್ಲಿಂದ ಬಂತು? ಒದ್ದೆ ಸ್ಕೂಟರು ದಿನಾ ಒಳಗೆ ಬಂದು ನೀರಿಳಿಸುತ್ತದೆ. ಕಾಂಕ್ರೀಟಿನ ನೆಲ ಕೆಳಗಿನ ತೇವವನ್ನು ಮೇಲೆ ಬಿಡುತ್ತದೆ. ಜುಲೈ ತಿಂಗಳ ಮುಂಬಯಿ ಗಾಳಿಯೇ ಹಿಂಡಿದರೆ ನೀರು ಬರುವಂಥದ್ದು. ಒಳಗಾದದ್ದು ಹೊರಗೆ ಹೋಗಲು ದಾರಿಯೇ ಇಲ್ಲದಿದ್ದರೆ ಗ್ಯಾರೇಜು ಇಡ್ಲಿ ಪಾತ್ರೆ ಆಗುತ್ತದೆ, ಅಷ್ಟೆ. ಇನ್ನೂ ದೊಡ್ಡ ಅಪಾಯ ಬೇರೆಯೇ ಇದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಕೂರುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ನೋ ಜನರೇಟರೋ ಓಡಿಸಿದರೆ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಮ್ಮಂತೆ ಮೇಲೆ ಮಲಗುವವರು ಇದನ್ನು ಯೋಚಿಸಲೇಬೇಕು.

ನಮ್ಮ ಕುಂದಾಪುರ ಕಡೆಯ ಮನೆಯಲ್ಲಿ ಮಳೆಗೆ ಮುಂಚೆ ಅಪ್ಪಯ್ಯ ಜಗಲಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರು. ತೆಂಗಿನ ಗರಿ ಹೆಣೆದ ತಟ್ಟಿಯಲ್ಲಿ ಬೆಳಕು ಬರುತ್ತಿತ್ತು, ಗಾಳಿ ಬರುತ್ತಿತ್ತು, ಎರಚಲು ಮಾತ್ರ ಹೊರಗೇ ನಿಲ್ಲುತ್ತಿತ್ತು. ಅಂಗಳದ ನೀರಿಗೆ ತಟ್ಟಿ ಅಲ್ಲ, ಕಣಿ. ಹಾರೆ ಹಿಡಿದು ಕಣಿ ಬಿಡಿಸಿ ನೀರನ್ನು ತೋಟದ ಕಡೆ ತಿರುಗಿಸುವುದು. ಎರಚಲಿಗೆ ಒಂದು ಉಪಾಯ, ಹರಿಯುವ ನೀರಿಗೆ ಇನ್ನೊಂದು. ಎರಡನ್ನೂ ಒಂದೇ ರಬ್ಬರಿನಲ್ಲಿ ಮುಗಿಸಹೊರಟದ್ದೇ ನಾನು ಮಾಡಿದ ತಪ್ಪು.

ಎರಚಲಿಗೆ ರಬ್ಬರು, ಬ್ರಶ್ಶು ಸಾಕು. ಅದೂ ಎಲ್ಲಿ ಬೇಕು ಅಂತ ನೋಡಿ ಹಾಕಬೇಕು. ರಾತ್ರಿ ಗ್ಯಾರೇಜಿನ ದೀಪ ಆರಿಸಿ, ಶಟರು ಇಳಿಸಿ, ಒಳಗೆ ನಿಂತುಕೊಳ್ಳಿ. ಹೊರಗಿನಿಂದ ಒಬ್ಬರು ಟಾರ್ಚ್ ಹಿಡಿದು ಅಂಚಿನುದ್ದಕ್ಕೂ ನಿಧಾನ ಸರಿಯಲಿ. ಎಲ್ಲಿ ಬೆಳಕು ಕಾಣುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ನಮ್ಮ ಶಟರಿಗೆ ಎಡ ಮೂಲೆಯಲ್ಲಿ ಒಂದು ಬೆರಳು ಸಂದಿತ್ತು, ಬಲಕ್ಕೆ ಏನೂ ಇಲ್ಲ. ಅಂದರೆ ವಕ್ರ ಇದ್ದದ್ದು ನೆಲ, ಶಟರಲ್ಲ. ಇಂಥಲ್ಲಿ ದಪ್ಪ ರಬ್ಬರ್ ಹಾಕಿದರೆ ಬಲ ಮೂಲೆ ಮೊದಲು ನೆಲಕ್ಕೆ ತಾಗಿ ಶಟರು ಪೂರ್ತಿ ಇಳಿಯುವುದಿಲ್ಲ, ಬೀಗದ ತೂತಿಗೆ ಕೊಂಡಿ ಸೇರುವುದಿಲ್ಲ. ಮೊದಲು ಸಿಮೆಂಟು ಹಾಕಿ ಆ ಮೂಲೆ ಸಮ ಮಾಡಿಸಿದೆ. ಆಮೇಲೆ ತೆಳು ರಬ್ಬರು. ರಬ್ಬರಿನಲ್ಲಿ ಇಪಿಡಿಎಂ ಅಂತ ಕೇಳಿ ಕೊಳ್ಳಿ, ಬಿಸಿಲು ತಡೆಯುತ್ತದೆ. ಅಗ್ಗದ ಕರಿ ಪಟ್ಟಿ ಒಂದೆರಡು ಬೇಸಗೆಗೇ ಬಿರುಕು ಬಿಡುತ್ತದೆ. ಪಕ್ಕದ ಗಾಡಿಯಲ್ಲಿ, ಅಂದರೆ ಶಟರು ಜಾರುವ ಕಬ್ಬಿಣದ ತೋಡಿನಲ್ಲಿ, ರಬ್ಬರ್ ಬೇಡವೇ ಬೇಡ. ಉಜ್ಜಿ ಉಜ್ಜಿ ಶಟರು ಏಳುವುದೇ ಕಷ್ಟವಾಗುತ್ತದೆ. ಅಲ್ಲಿಗೆ ನೈಲಾನ್ ಕೂದಲಿನ ಬ್ರಶ್ ಪಟ್ಟಿ ಸರಿ. ನಮ್ಮದು ಪಶ್ಚಿಮಕ್ಕೆ ಮುಖ, ಮುಂಗಾರಿನ ಗಾಳಿ ನೇರ ಬಾಗಿಲಿಗೇ ಹೊಡೆಯುತ್ತದೆ. ಹಾಗಾಗಿ ಮೇಲೆ ಎರಡಡಿ ತಗಡಿನ ಚಾವಣಿ ಇಳಿಸಿದೆವು. ಎಲ್ಲ ರಬ್ಬರಿಗಿಂತ ಹೆಚ್ಚು ಉಪಕಾರ ಮಾಡಿದ್ದು ಅದೇ! ಹಿಂದಿನ ಕಿಂಡಿಯ ಪ್ಲೈವುಡ್ಡು ಕಿತ್ತು ಬಲೆ ಹೊಡೆದೆ. ನೆಲದ ಹತ್ತಿರ ಇನ್ನೊಂದು ಕಿಂಡಿಯನ್ನೂ ಬಿಡಿಸಿದೆ.

ಇನ್ನು ನಿಂತ ನೀರು. ಅದಕ್ಕೆ ಯಾವ ರಬ್ಬರೂ ಉತ್ತರವಲ್ಲ. ಲೆಕ್ಕ ಹಾಕಿ ನೋಡಿ. ಎಂಟಡಿ ಅಗಲದ ಶಟರಿನ ಹೊರಗೆ ಒಂದಡಿ ನೀರು ನಿಂತರೆ ಅದು ಸುಮಾರು 110 ಕಿಲೋ ಭಾರದಷ್ಟು ಬಲದಿಂದ ತಳ್ಳುತ್ತದೆ. ಎರಡಡಿ ನಿಂತರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ತೆಳು ತಗಡಿನ ಪಟ್ಟಿಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಿದ ಶಟರನ್ನು ಮಾಡಿದ್ದು ಕಳ್ಳನಿಗೆ, ಕೆರೆಗಲ್ಲ.

ಈ ಊರನ್ನು ಕಟ್ಟಿದವರಿಗೆ ಇದು ಗೊತ್ತಿತ್ತು. ನವಿ ಮುಂಬಯಿಯ ಎಷ್ಟೋ ಭಾಗ ಖಾಡಿಯ ಪಕ್ಕದ ತಗ್ಗು ನೆಲ. ಇಲ್ಲಿ ಸಿಡ್ಕೋ ಡಚ್ಚರ ಪದ್ಧತಿಯ ಹಾಗೆ ಹೋಲ್ಡಿಂಗ್ ಪಾಂಡ್‌ಗಳನ್ನು ಮಾಡಿ, ಖಾಡಿಯ ಕಡೆಗೆ ಒಮ್ಮುಖದ ಬಾಗಿಲು ಇಟ್ಟಿತು. ಸಮುದ್ರ ಉಬ್ಬಿದಾಗ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ, ಊರಿನ ಮಳೆನೀರು ಕೊಳದಲ್ಲಿ ಕಾಯುತ್ತದೆ. ಇಳಿತವಾದಾಗ ಬಾಗಿಲು ತೆರೆದು ನೀರು ಹೊರಗೆ. ಬಾಗಿಲಿನ ಹಿಂದೆ ನೀರು ಕಾಯಲು ಒಂದು ಜಾಗವನ್ನೂ ಇಟ್ಟರು ನೋಡಿ. ಹೂಳು ತುಂಬಿ, ಮ್ಯಾಂಗ್ರೋವ್ ಬೆಳೆದು ಆ ಕೊಳಗಳಲ್ಲಿ ಈಗ ಜಾಗ ಕಡಿಮೆಯಾಗಿರುವುದು ಬೇರೆ ಕತೆ.

ನಮ್ಮ ಓಣಿಯಲ್ಲಿ ನೀರಿಗಿದ್ದ ಜಾಗ ಅಂದರೆ ರಸ್ತೆ ಪಕ್ಕದ ತೆರೆದ ಗಟಾರ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. 2006ರಲ್ಲಿ ಸೀಲ್ ಮಾಡಿಸಿದಾಗಲೇ ನಾನು ಹೊಸ್ತಿಲನ್ನೂ ನಾಲ್ಕಿಂಚು ಎತ್ತರಿಸಿದ್ದೆ. ಸ್ಕೂಟರು ಹತ್ತಬೇಕಲ್ಲ, ಅದಕ್ಕೆ ಸಿಮೆಂಟಿನ ಇಳಿಜಾರು. ಆ ಇಳಿಜಾರು ಗಟಾರದ ಮೇಲೆ ಬಂತು. ಕೆಳಗೆ ಒಂದು ಮೂರಿಂಚಿನ ಪೈಪು ತೂರಿಸಿ ಕೈ ತೊಳೆದುಕೊಂಡೆ. ನನ್ನನ್ನು ನೋಡಿ ಇನ್ನೂ ಕೆಲವರು ಹಾಗೇ ಮಾಡಿದರು. ರಸ್ತೆಗೆ ಹಳೇ ಡಾಂಬರು ಕೆರೆಯದೆ ಪದರದ ಮೇಲೆ ಪದರ ಹಾಕಿದ್ದರಿಂದ ಅದೂ ಏರುತ್ತಾ ಬಂತು.

ಓಣಿಯ ತಗ್ಗಿನ ಕೊನೆಯಲ್ಲಿ ಒಬ್ಬರು ಕಾಕು ಇದ್ದಾರೆ. ಗಂಡ ತೀರಿಕೊಂಡ ಮೇಲೆ ಗ್ಯಾರೇಜಿನಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬ್ಲೌಸು ಹೊಲಿಯುತ್ತಾರೆ. 2019ರ ಮಳೆಯ ಒಂದು ಬೆಳಿಗ್ಗೆ ಅವರು ಬಕೆಟ್ಟಿನಲ್ಲಿ ನೀರು ಮೊಗೆದು ಹೊರಗೆ ಚೆಲ್ಲುವುದು ಕಂಡು ಸಹಾಯಕ್ಕೆ ಹೋದೆ. ಯಂತ್ರದ ಮೋಟರು ಕೆಟ್ಟಿತ್ತು, ಗಿರಾಕಿಗಳ ಬಟ್ಟೆ ಮಂಚದ ಮೇಲೆ ರಾಶಿ. "ಪಾವುಸ್ ಆಹೇ, ಪಾಣೀ ಯೇಣಾರಚ್" ಅಂದರು. ಮಳೆ ಅಂದ ಮೇಲೆ ನೀರು ಬಂದೇ ಬರುತ್ತದಂತೆ. ಎಷ್ಟು ವರ್ಷದಿಂದ ಹೀಗೆ ಅಂತ ಕೇಳಿದೆ. ಹನ್ನೆರಡು ಹದಿಮೂರು ವರ್ಷ ಆಗಿರಬಹುದು ಅಂದರು. ಹೊರಗೆ ಬಂದು ಓಣಿಯುದ್ದಕ್ಕೂ ನೋಡಿದರೆ ನನ್ನ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿ, ಗಟಾರದಲ್ಲಿ ಹೋಗಬೇಕಾದ ನೀರು ರಸ್ತೆಗೆ ಹತ್ತಿ, ನೇರ ಅವರ ಬಾಗಿಲಿಗೆ ಇಳಿಯುತ್ತಿತ್ತು.

ಆ ದೀಪಾವಳಿಗೆ ಮೊದಲೇ ಇಳಿಜಾರು ಒಡೆಸಿದೆ. ಈಗ ಗಟಾರದ ಮೇಲೆ ಎತ್ತಿಡಬಹುದಾದ ಕಬ್ಬಿಣದ ಜಾಳಿ, ಸ್ಕೂಟರು ಅದರ ಮೇಲೇ ಹತ್ತುತ್ತದೆ. ವಾರಕ್ಕೊಮ್ಮೆ ಎತ್ತಿ ಕಸ ತೆಗೆಯಬೇಕು. ಹೊಸ್ತಿಲು ಎರಡಿಂಚಿಗೆ ಇಳಿದಿದೆ. ಜೋರು ಮಳೆಯಲ್ಲಿ ನನ್ನ ಗ್ಯಾರೇಜಿಗೆ ಸ್ವಲ್ಪ ನೀರು ಬರುತ್ತದೆ, ಬರಲಿ. ಸಾಮಾನೆಲ್ಲ ಇಟ್ಟಿಗೆ ಮೇಲಿನ ಹಲಗೆಯಲ್ಲಿದೆ, ಪುಸ್ತಕ ಮೇಲಿನ ಕೋಣೆಗೆ ಹೋಗಿದೆ. (ಅದಕ್ಕೆ ಮನೆಯವಳ ಅಸಮಾಧಾನ ಇನ್ನೂ ಮುಗಿದಿಲ್ಲ.)

ಸೊಸೈಟಿ ಮೀಟಿಂಗಿನಲ್ಲಿ ಉಳಿದವರ ಇಳಿಜಾರಿನ ವಿಷಯ ಎತ್ತಿದೆ. "ನಮ್ಮ ಬಾಗಿಲು ನಾವು ಕಾಯ್ಕೊಳ್ಳಬಾರದಾ?" ಅಂದರು. ಕಾಯ್ಕೊಳ್ಳಿ, ಆದರೆ ನಿಮ್ಮ ಬಾಗಿಲಿಂದ ತಿರುಗಿಸಿದ ನೀರು ಆವಿಯಾಗುವುದಿಲ್ಲವಲ್ಲ ಸ್ವಾಮಿ, ಅಂದೆ. ಇಬ್ಬರು ಒಪ್ಪಿ ಒಡೆಸಿದರು. ನಾಲ್ಕು ಮನೆ ಇನ್ನೂ ಬಾಕಿ ಇವೆ. ಪ್ರತಿ ಮೀಟಿಂಗಿನಲ್ಲೂ ಎತ್ತುತ್ತೇನೆ, ತಿಕ್ಕಲು ಅನ್ನಿಸಿಕೊಂಡರೂ ಸರಿ.

ಮುಂಬಯಿಗೆ ಮಳೆ ಬರುವುದು ಜೂನ್ ಎರಡನೇ ವಾರ ಅಂತ ಕಾಯುತ್ತಾ ಕೂರುವ ಹಾಗೂ ಇಲ್ಲ. 2025ರಲ್ಲಿ ಮೇ 26ಕ್ಕೇ ಬಂದುಬಿಟ್ಟಿತು, ಅರ್ಧ ಓಣಿಯ ರಬ್ಬರು ಇನ್ನೂ ಅಂಗಡಿಯಲ್ಲೇ ಇತ್ತು. ಹಾಗಾಗಿ ನಮ್ಮದು ಈಗ ಏಪ್ರಿಲ್ ಕೊನೆಗೇ. ಮೊದಲು ಕಾಕುವಿನ ಶಟರು, ಆಮೇಲೆ ನಮ್ಮದು. ಟಾರ್ಚ್ ಹಿಡಿಯುವುದು ನಾನು, ಒಳಗೆ ನಿಂತು ಸೀಮೆಸುಣ್ಣದ ಗುರುತು ಹಾಕುವುದು ಅವರು. ಟೇಲರ್ ಚಾಕು, ಗೆರೆ ಮಾತ್ರ ಎಷ್ಟು ನೇರ ಅಂತೀರಿ!