‘ಮನೇಲಿ ಮಾಡಿದ್ದು’ ಅಂದ್ರೆ ‘ಫ್ರೀ’ ಅಂತಲ್ಲ

1/6
ಫೋಟೋದಲ್ಲಿರೋ ಗುಲಾಬಿ ನಿಜವಾದ ಗುಲಾಬಿ ಅಲ್ಲ, ಚಾಕ್ಲೇಟು. ಗೆಳತಿಯ ಹುಟ್ಟುಹಬ್ಬಕ್ಕೆ ಅಂತ ಬನಶಂಕರಿಯ ನಮ್ಮ ಅಡುಗೆಮನೇಲಿ ಕೂತು ಏಳು ಹೂ ಮಾಡಿದ್ದೆ. ಕ್ಲಾಸಲ್ಲಿ ಡಬ್ಬಿ ತೆಗೆದಾಗ ಎಲ್ಲರೂ ‘ಸೂಪರ್’ ಅಂದ್ರಿ. ಖುಷಿ ಆಯ್ತು, ಸುಳ್ಳು ಹೇಳಲ್ಲ. ಆಮೇಲೆ ಮೆಸೇಜು ಶುರು: ‘ನಂಗೂ ಇಪ್ಪತ್ತು ಮಾಡ್ಕೊಡೇ, ಶನಿವಾರ ಬೇಕು.’ ಎಷ್ಟಾಗುತ್ತೆ ಅಂತ ಹೇಳಿದ್ದಕ್ಕೆ ಬಂದ ಉತ್ತರ: ‘ಮನೇಲಿ ಮಾಡೋದಕ್ಕೂ ದುಡ್ಡಾ?’
ಹೌದು, ದುಡ್ಡು. ಯಾಕೆ ಅಂತ ಹೇಳ್ತೀನಿ, ಸ್ವೈಪ್ ಮಾಡಿ.

2/6
ಮೊದಲು ಕೆಲಸ ಏನು ಅಂತ ನೋಡಿ. 200 ಗ್ರಾಂ ಡಾರ್ಕ್ ಚಾಕ್ಲೇಟ್ ಕರಗಿಸಬೇಕು. ಒಂದು ಹನಿ ನೀರು ಬಿದ್ರೂ ಗಂಟುಗಂಟಾಗಿ ಕೂತ್ಕೊಳ್ಳುತ್ತೆ. ಅದಕ್ಕೆ ಸುಮಾರು 60 ಗ್ರಾಂ ಲಿಕ್ವಿಡ್ ಗ್ಲೂಕೋಸ್ ಹಾಕಿ, ಮೆಲ್ಲಗೆ ಕಲಸಬೇಕು. ಜಾಸ್ತಿ ತಿರುಗಿಸಿದ್ರೆ ಜಿಡ್ಡು ಬಿಟ್ಕೊಳ್ಳುತ್ತೆ. ಸುತ್ತಿಟ್ಟು ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಚಪಾತಿ ಹಿಟ್ಟಿನ ಥರ ನಾದಬೇಕು. ಗೋಲಿಯಷ್ಟು ಉಂಡೆ ಮಾಡಿ, ಎರಡು ಪ್ಲಾಸ್ಟಿಕ್ ಹಾಳೆ ಮಧ್ಯೆ ಇಟ್ಟು ಒತ್ತಿ, ಅಂಚು ಮಾತ್ರ ತೆಳ್ಳಗೆ ಮಾಡಬೇಕು. ನಡುವೆ ಮೊಗ್ಗು, ಸುತ್ತ ಮೂರು ಎಸಳು, ಅದರ ಸುತ್ತ ಐದು. ಕೈ ಬಿಸಿಯಾದ್ರೆ ಎಸಳು ಜೋತುಬೀಳುತ್ತೆ. ನಿಲ್ಲಿಸಿ, ಕೈ ತಣ್ಣಗೆ ಮಾಡ್ಕೊಂಡು ಮತ್ತೆ ಕೂರಬೇಕು.
ನಂಗೆ ಒಂದು ಹೂವಿಗೆ ಕಾಲು ಗಂಟೆ. ಇಪ್ಪತ್ತಕ್ಕೆ ಐದು ಗಂಟೆ. ನಿಮ್ಮ ಶನಿವಾರಕ್ಕೆ ನನ್ನ ಇಡೀ ಶುಕ್ರವಾರ ಸಂಜೆ.

3/6
‘ಚಾಕ್ಲೇಟಿನ ದುಡ್ಡು ಕೊಡ್ತೀನಿ, ಸಾಕಲ್ವಾ?’ ಅಂದವರೂ ಇದ್ದಾರೆ.
ಆ ಚಾಕ್ಲೇಟ್ ಎಲ್ಲಿಂದ ಬರುತ್ತೆ ಯೋಚಿಸಿ. ದಕ್ಷಿಣ ಕನ್ನಡದಲ್ಲಿ ಅಡಿಕೆ ತೋಟದ ನೆರಳಲ್ಲಿ ಕೊಕ್ಕೊ ಬೆಳೀತಾರೆ. ಪುತ್ತೂರಿನಲ್ಲಿ ಕ್ಯಾಂಪ್ಕೊ ಚಾಕ್ಲೇಟ್ ಕಾರ್ಖಾನೆ 1986ರಿಂದ ಇದೆ. ಬೆಳೆದವರಿಗೆ ಬೆಲೆ, ಕಾರ್ಖಾನೆಯವರಿಗೆ ಸಂಬಳ, ಲಾರಿಗೆ ಬಾಡಿಗೆ, ಅಂಗಡಿಗೆ ಲಾಭ. ಇದ್ಯಾವುದನ್ನೂ ನೀವು ಪ್ರಶ್ನೆ ಮಾಡಲ್ಲ, ಮಾಡಲೂಬಾರದು. ದಾರಿಯುದ್ದಕ್ಕೂ ‘ಕೆಲಸ’ ಆಗಿದ್ದದ್ದು ಕೊನೇ ಹಂತದಲ್ಲಿ, ಒಬ್ಬ ಹುಡುಗಿ ಕೈಗೆ ಬಂದ ಕೂಡಲೇ, ‘ಪ್ರೀತಿ’ ಆಗೋದು ಹೇಗೆ?

4/6
‘ನಮ್ಮಜ್ಜಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡಿ ಬೀದಿಗೆಲ್ಲ ಹಂಚ್ತಿದ್ರು, ದುಡ್ಡು ಕೇಳಿದ್ರಾ?’ ಇದು ಒಳ್ಳೇ ಪ್ರಶ್ನೆ. ನಮ್ಮಜ್ಜಿನೂ ಮಾಡ್ತಿದ್ರು. ಮರದ ಅಚ್ಚು ನೀರಲ್ಲಿ ನೆನೆಹಾಕಿ, ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಬಿಸಿಬಿಸಿ ಇರೋವಾಗಲೇ ಹುಯ್ಯೋದು.
ಆದ್ರೆ ಯಾರಿಗೆ ಕೊಡಬೇಕು ಅಂತ ತೀರ್ಮಾನ ಮಾಡ್ತಿದ್ದದ್ದು ಅಜ್ಜಿ. ‘ಇಪ್ಪತ್ತು ಬೇಕು, ಶನಿವಾರ’ ಅಂತ ಯಾರೂ ಆರ್ಡರ್ ಕೊಡ್ತಿರಲಿಲ್ಲ. ನಮ್ಮನೆ ಎಳ್ಳು ಅವರ ಮನೆಗೆ ಹೋದ್ರೆ ಅವರ ಮನೆ ಎಳ್ಳು ನಮ್ಮನೆಗೆ ಬರ್ತಿತ್ತು. ಅದು ಕೊಡು-ಕೊಳ್ಳು. ಮತ್ತೆ, ಬೆರಳು ಸುಟ್ಕೊಂಡ ಅಜ್ಜಿಗೆ ‘ಸಾಕಾಯ್ತಾ?’ ಅಂತ ನಾವ್ಯಾರೂ ಕೇಳಲಿಲ್ಲ. ಅದನ್ನ ಸಂಪ್ರದಾಯ ಅಂತ ಹೊಗಳೋದು ಬೇಡ, ನಾಚ್ಕೊಳ್ಳೋಣ.

5/6
ಜಯನಗರದ ಅಂಗಡೀಲಿ, ಬಣ್ಣದ ಕಾಗದದಲ್ಲಿ ಸುತ್ತಿದ ಚಾಕ್ಲೇಟನ್ನ ಕಡ್ಡಿಗೆ ಸಿಕ್ಕಿಸಿದ ಬೊಕೆಗೆ ಹೇಳಿದಷ್ಟು ಕೊಡ್ತೀವಿ. ಗಾಂಧಿ ಬಜಾರಲ್ಲಿ ಮಲ್ಲಿಗೆ ಕಟ್ಟೋ ಅಮ್ಮನ ಹತ್ರ ಮೊಳಕ್ಕೆ ಐದು ರೂಪಾಯಿ ಕಮ್ಮಿ ಮಾಡಿ ಅಂತ ನಿಲ್ತೀವಿ. ನಾನೂ ನಿಂತಿದ್ದೀನಿ, ಮೊನ್ನೆ ಮೊನ್ನೆವರೆಗೂ. ಗ್ಲಾಸ್ ಬಾಗಿಲು ಇರೋ ಕಡೆ ಬೆಲೆ. ಮಾಡೋ ಕೈ ಕಣ್ಣಿಗೆ ಕಾಣೋ ಕಡೆ ಚೌಕಾಸಿ. ಈ ಲೆಕ್ಕ ಉಲ್ಟಾ ಇರಬೇಕಿತ್ತು ಅಲ್ವಾ?

6/6
ಉಡುಗೊರೆಗೆ ಬೆಲೆ ಕಟ್ಟಬಾರದು ಅನ್ನೋದು ನಾನೂ ಒಪ್ತೀನಿ. ಆ ಏಳು ಹೂವಿಗೆ ನಾನು ಒಂದು ರೂಪಾಯಿನೂ ತಗೊಂಡಿಲ್ಲ. ನಾನಾಗಿ ಕೊಟ್ರೆ ಉಡುಗೊರೆ. ನೀವು ಕೇಳಿ ಮಾಡಿಸ್ಕೊಂಡ್ರೆ ಕೆಲಸ.
ದುಡ್ಡಿಲ್ವಾ? ನಾಚಿಕೆ ಬೇಡ, ನನ್ನ ಹತ್ರಾನೂ ಇರಲ್ಲ. ನೀವೇ ಮಾಡಿ. ಗುಲಾಬಿ ಗಿಡದ ಎಲೆ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ, ಹಿಂಭಾಗಕ್ಕೆ ಕರಗಿದ ಚಾಕ್ಲೇಟ್ ಬಳಿದು ಫ್ರಿಜ್ಜಲ್ಲಿಡಿ. ಗಟ್ಟಿಯಾದ್ಮೇಲೆ ಎಲೆ ಸುಲಿದ್ರೆ ನರನರವೂ ಮೂಡಿರುತ್ತೆ. (ಮನಿ ಪ್ಲಾಂಟ್ ಎಲೆ ಮಾತ್ರ ಬೇಡ, ಅದು ವಿಷ.) ಅಲ್ಲಿಂದ ಹೂವಿಗೆ ಬನ್ನಿ. ನನ್ನ ಮೊದಲನೇ ಗುಲಾಬಿ ಎಲೆಕೋಸಿನ ಥರ ಇತ್ತು. ಅಮ್ಮ ಅದನ್ನ ತಿನ್ನದೆ ಎರಡು ವಾರ ಫ್ರಿಜ್ಜಲ್ಲಿ ಇಟ್ಕೊಂಡಿದ್ರು.
ನಿಮ್ಮ ಎಲೆಕೋಸನ್ನ ಯಾರಿಗೆ ಕೊಡ್ತೀರಿ? ಕೆಳಗೆ ಬರೀರಿ. ಆರ್ಡರ್ ಬೇಕಾದವರು ಮೊದಲು ರೇಟ್ ಕೇಳಿ.

#ಚಾಕ್ಲೇಟ್‌ಹೂವು #ಮನೇಲಿಮಾಡಿದ್ದು #ಕೈಕೆಲಸಕ್ಕೆಬೆಲೆಕೊಡಿ #ಬನಶಂಕರಿ