ಮುಳ್ಳಯ್ಯನಗಿರಿ ಮುಗಿದಲ್ಲಿಂದ ಮೇಲೆ

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 1,930 ಮೀಟರ್. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ ಸಾಂಕ್ರಿ ಎಂಬ ಪುಟ್ಟ ಹಳ್ಳಿಯಿದೆ. ಅದು ಇರುವುದೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಕನ್ನಡನಾಡಿನ ಎತ್ತರ ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ಕೇದಾರಕಂಠದ ಚಾರಣ ಆರಂಭ. ಶಿಖರ ತಲುಪಲು ಇನ್ನೂ ಅಷ್ಟೇ ಏರಬೇಕು. ಅದರ ಎತ್ತರ ಸುಮಾರು 3,800 ಮೀಟರ್.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈ ಹಾದಿ ಹಿಮದಲ್ಲಿ ಮುಚ್ಚಿರುತ್ತದೆ. ಮೊದಲ ಸಲ ಹಿಮ ನೋಡುವ ಆಸೆಯಿಂದ ದೇಶದ ಎಲ್ಲೆಡೆಯಿಂದ ಕಾಲೇಜು ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಾರೆ. ಹೊಸಬರಿಗೆ ತಕ್ಕ ಸುಲಭ ಚಾರಣವೆಂದು ಇದಕ್ಕೆ ಹೆಸರು. ಆದರೆ ಹಿಮದ ದಾರಿಯಲ್ಲಿ 'ಸುಲಭ' ಎಂಬ ಮಾತಿಗೆ ಅರ್ಥ ಬರುವುದು ಹವೆ ಚೆನ್ನಾಗಿದ್ದಾಗ ಮಾತ್ರ.

ಪ್ರತಿ ಸಾವಿರ ಮೀಟರ್ ಏರಿದಂತೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಷಿಯಸ್ ಇಳಿಯುತ್ತದೆ. ಅಂದರೆ ಸಾಂಕ್ರಿಗಿಂತ ಶಿಖರ ಸುಮಾರು 12 ಡಿಗ್ರಿ ತಣ್ಣಗೆ. ಇದರ ಮೇಲೆ ಗಾಳಿಯ ಕಾಟ. ಉಷ್ಣತೆ ಸೊನ್ನೆ ಡಿಗ್ರಿ ಇದ್ದು, ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮೈಗೆ ತಟ್ಟುವ ಚಳಿ ಸುಮಾರು ಮೈನಸ್ 7 ಡಿಗ್ರಿಯದು.

ಹಿಮವೆಲ್ಲ ಒಂದೇ ಬಗೆಯದಲ್ಲ. ಆಗತಾನೇ ಬಿದ್ದ ಹಿಮ ಹಿಟ್ಟಿನಂತೆ ಹಗುರ. ಕಾಲು ಮೊಣಕಾಲವರೆಗೆ ಹೂತು ಒಂದು ಗಂಟೆಯ ದಾರಿ ಮೂರು ಗಂಟೆಯಾಗಬಹುದು. ನೂರಾರು ಜನ ತುಳಿದ ಹಿಮದ ಕಥೆಯೇ ಬೇರೆ. ಅದು ಹಗಲು ಬಿಸಿಲಿಗೆ ಕರಗಿ, ರಾತ್ರಿ ಹೆಪ್ಪುಗಟ್ಟಿ, ಬೆಳಗಾಗುವಷ್ಟರಲ್ಲಿ ಗಾಜಿನಂಥ ಮಂಜುಗಡ್ಡೆಯಾಗಿರುತ್ತದೆ. ಅದರ ಮೇಲೆ ಕಾಲು ನಿಲ್ಲಬೇಕಾದರೆ ಬೂಟಿನ ಅಡಿಗೆ ಉಕ್ಕಿನ ಮುಳ್ಳುಗಳ ಪಟ್ಟಿ ಕಟ್ಟಿಕೊಳ್ಳಬೇಕು. ಏರುವಾಗಿನ ಉತ್ಸಾಹ ಇಳಿಯುವಾಗ ಇರುವುದಿಲ್ಲ. ದಣಿದ ಕಾಲು ಜಾರುವುದು ಆಗಲೇ. ಶಿಖರಕ್ಕೆ ಹೊರಡುವವರು ನಡುರಾತ್ರಿ ಕಳೆದೊಡನೆ ಏಳುವುದಕ್ಕೂ ಕಾರಣವಿದೆ. ಬೆಳಗಿನ ಜಾವ ಹಿಮ ಗಟ್ಟಿಯಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಮೆತ್ತಗಾಗುತ್ತದೆ, ಮೋಡವೂ ಕವಿಯಬಹುದು.

ಇನ್ನು ಉಡುಪು. ಊರಿನಲ್ಲಿ ಹಿತವಾದ ಹತ್ತಿಬಟ್ಟೆ ಇಲ್ಲಿ ಶತ್ರು. ಬೆವರು ಹೀರಿದ ಹತ್ತಿ ಬೇಗ ಒಣಗುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುವುದರಿಂದ ಒದ್ದೆ ಅಂಗಿ ಮೈಯ ಬಿಸಿಯನ್ನು ಕದಿಯುತ್ತಲೇ ಇರುತ್ತದೆ. ಒಂದೇ ದಪ್ಪ ಕೋಟಿಗಿಂತ ಉಣ್ಣೆಯ ಅಥವಾ ಬೇಗ ಒಣಗುವ ನೂಲಿನ ಮೂರು ತೆಳು ಉಡುಪು ಮೇಲು. ಏರುವಾಗ ಒಂದು ಕಳಚಬಹುದು, ನಿಂತಾಗ ಮತ್ತೆ ತೊಡಬಹುದು. ತಂಪು ಕನ್ನಡಕ ಶೋಕಿಗಲ್ಲ. ಹೊಸ ಹಿಮ ನೇರಳಾತೀತ ಕಿರಣಗಳಲ್ಲಿ ಶೇಕಡಾ 80ರಷ್ಟನ್ನು ಪ್ರತಿಫಲಿಸುತ್ತದೆ. ಬರಿಗಣ್ಣಿಗೆ ತಾತ್ಕಾಲಿಕ ಹಿಮಕುರುಡು ಬರಬಹುದು.

ಬಾಯಾರಿದರೆ ಹಿಮ ತಿಂದರಾಯಿತು ಎನ್ನುವವರು ಭೌತಶಾಸ್ತ್ರದ ಪಾಠ ನೆನೆಯಬೇಕು. ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲೊರಿ ಶಾಖ ಬೇಕು. ಆ ನೀರು ಮೈಬಿಸಿಗೆ ಬರಲು ಇನ್ನೂ 37. ಇಷ್ಟನ್ನೂ ತೆರಬೇಕಾದ್ದು ಚಳಿಯಲ್ಲಿ ನಡುಗುತ್ತಿರುವ ಅದೇ ದೇಹ.

ದೇಹದ ಒಳಗಿನ ಉಷ್ಣತೆ 37ರಿಂದ 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ ಶುರು. ಮೊದಲು ನಡುಕ, ಆಮೇಲೆ ಮಾತು ತೊದಲುವುದು, ಗುಂಡಿ ಹಾಕಲೂ ಬೆರಳು ಬಾರದಿರುವುದು, ನಡಿಗೆ ತಪ್ಪುವುದು. ನಡುಕ ತಾನಾಗಿ ನಿಂತರೆ ಅದು ಚೇತರಿಕೆಯಲ್ಲ, ಇನ್ನೂ ದೊಡ್ಡ ಅಪಾಯ. ಇವೆಲ್ಲ ಕಾಣುವುದು ಜೊತೆಯವರಿಗೆ. ಚಳಿ ಹಿಡಿದವನಿಗೆ ತನ್ನ ಸ್ಥಿತಿಯೇ ತಿಳಿಯುವುದಿಲ್ಲ. ಎತ್ತರದಲ್ಲಿ ತಲೆನೋವು, ವಾಕರಿಕೆ ಬಂದರೂ ಹಾಗೆಯೇ: ಮೇಲೆ ಹೋಗಬಾರದು, ಹೆಚ್ಚಾದರೆ ಕೂಡಲೇ ಕೆಳಗಿಳಿಯಬೇಕು.

ಇದು ಬರಿಯ ಹೆದರಿಕೆಯ ಮಾತಲ್ಲ. 2024ರ ಜೂನ್ ಮೊದಲ ವಾರದಲ್ಲಿ ಇದೇ ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ ಕರ್ನಾಟಕದ ಚಾರಣಿಗರಿದ್ದ 22 ಜನರ ತಂಡ ಹಿಮಗಾಳಿಗೆ ಸಿಲುಕಿತು. ಒಂಬತ್ತು ಮಂದಿ ಮರಳಲಿಲ್ಲ. ಅದು ಚಳಿಗಾಲವೂ ಆಗಿರಲಿಲ್ಲ.

ಹಾಗೆಂದು ಮಕ್ಕಳನ್ನು ಮನೆಯಲ್ಲೇ ಕೂರಿಸುವುದು ಪರಿಹಾರವಲ್ಲ. ಪೈನ್ ಕಾಡಿನ ಮೌನ, ನಸುಕಿನಲ್ಲಿ ಸ್ವರ್ಗಾರೋಹಿಣಿಯ ಮೇಲೆ ಬೀಳುವ ಮೊದಲ ಬಿಸಿಲು ಯಾವ ಪಠ್ಯದಲ್ಲೂ ಸಿಗುವಂಥದಲ್ಲ. ಆದರೆ ಹಣ ಕಟ್ಟುವ ಮುನ್ನ ತಂದೆತಾಯಿ ಕೆಲವು ಪ್ರಶ್ನೆ ಕೇಳಬೇಕು. ಹವೆ ಕೆಟ್ಟರೆ ಕಾಯಲು ಒಂದು ದಿನ ಹೆಚ್ಚಿಗೆ ಇಟ್ಟಿದ್ದಾರೆಯೇ? ಎಷ್ಟು ಜನರಿಗೆ ಒಬ್ಬ ಮಾರ್ಗದರ್ಶಿ? ಕಾಯಿಲೆ ಬಿದ್ದವರನ್ನು ಕೆಳಗೆ ತರುವವರು ಯಾರು? ಎಲ್ಲಕ್ಕಿಂತ ಮುಖ್ಯವಾಗಿ, ಶಿಖರ ಸಿಗಲಿ ಬಿಡಲಿ, ಎಷ್ಟು ಗಂಟೆಗೆ ಹಿಂದಿರುಗುತ್ತಾರೆ?

ಮಕ್ಕಳಿಗೆ ಮನೆಯವರು ಹೇಳಿ ಕಳಿಸಬೇಕಾದ ಮಾತೂ ಒಂದಿದೆ: 'ಅರ್ಧ ದಾರಿಯಿಂದ ವಾಪಸು ಬಂದರೂ ಇಲ್ಲಿ ಯಾರೂ ನಗುವುದಿಲ್ಲ.' ಖರ್ಚಾದ ಹಣಕ್ಕೂ ಗೆಳೆಯರ ಮಾತಿಗೂ ಹೆದರಿ ಮುಂದೆ ಹೆಜ್ಜೆಯಿಡುವ ಹುಡುಗನಿಗೆ ಉಣ್ಣೆಯ ಕೋಟಿಗಿಂತ ಈ ಮಾತೇ ಹೆಚ್ಚಿನ ರಕ್ಷಣೆ. ಕೇದಾರಕಂಠ ಮುಂದಿನ ಚಳಿಗಾಲವೂ ಅಲ್ಲೇ ಇರುತ್ತದೆ.