‘ಟಿಕೆಟ್ ತಗೊಂಡು ಬಂದ್ಬಿಡು’ ಅನ್ನುವ ಮುಂಚೆ

ಮಂಡಿಪೇಟೆಯ ಯಾವ ಅಂಗಡಿಯ ಗಲ್ಲಾ ಮುಂದೆ ನಿಂತರೂ ಅಮೆರಿಕಾ ಸುದ್ದಿ ಕಿವಿಗೆ ಬೀಳುತ್ತದೆ. ಒಬ್ಬರ ಮಗ ಡಲ್ಲಾಸ್‌ನಲ್ಲಿ, ಇನ್ನೊಬ್ಬರ ಅಳಿಯ ನ್ಯೂಜೆರ್ಸಿಯಲ್ಲಿ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿದ ಹುಡುಗರು ಅಲ್ಲಿ ಬೇರು ಬಿಡುತ್ತಿದ್ದಾರೆ, ಸಂತೋಷವೇ. ಆದರೆ ಊರಲ್ಲಿ ಗೃಹಪ್ರವೇಶ, ತಂಗಿ ಮದುವೆ ಎಂದ ಕೂಡಲೇ ‘ಟಿಕೆಟ್ ತಗೊಂಡು ಬಂದ್ಬಿಡು’ ಅಂತ ಫೋನಿನಲ್ಲಿ ಅಪ್ಪಣೆ ಹೊರಡುತ್ತದೆ. ಹುಡುಗ ಹಿಂದೆಮುಂದೆ ನೋಡಿದರೆ, ಡಾಲರ್ ಕಂಡ ಮೇಲೆ ಹೆತ್ತವರು ಬೇಡವಾದರು ಎಂಬ ಮಾತು. ಇದು ಅನ್ಯಾಯ ಸ್ವಾಮಿ.

ಅವನು ಹಿಂಜರಿಯುವುದಕ್ಕೆ ಕಾರಣ ಒಂದು ಅರ್ಜಿ. ಅಮೆರಿಕಾದಲ್ಲಿ ಇದ್ದುಕೊಂಡೇ ಗ್ರೀನ್ ಕಾರ್ಡಿಗೆ ಹಾಕುವ ಈ ಅರ್ಜಿಯ ನಮೂನೆ ಐ-485. ಒಂದೊಂದು ದೇಶದವರಿಗೆ ವರ್ಷಕ್ಕೆ ಇಷ್ಟೇ ಎಂಬ ಶೇ. 7ರ ಮಿತಿ ಇರುವುದರಿಂದ, ನೌಕರಿಯ ಮೇಲೆ ಹೋದ ನಮ್ಮವರು ಈ ಅರ್ಜಿ ಹಾಕುವ ಹಂತಕ್ಕೆ ಬರಲಿಕ್ಕೇ ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಅದು ಇತ್ಯರ್ಥವಾಗುವ ಮೊದಲು ‘ಅಡ್ವಾನ್ಸ್ ಪೆರೋಲ್’ ಎಂಬ ಅನುಮತಿ ಪತ್ರವಿಲ್ಲದೆ ದೇಶ ಬಿಟ್ಟರೆ, ಅರ್ಜಿಯನ್ನು ಅವನೇ ಕೈಬಿಟ್ಟ ಎಂದು ಅಲ್ಲಿನ ಸರ್ಕಾರ ಲೆಕ್ಕ ಹಾಕುತ್ತದೆ. (ಪೆರೋಲ್ ಅಂದಕೂಡಲೇ ಗಾಬರಿ ಬೇಡ, ಇದು ಜೈಲಿನದಲ್ಲ!) ಪತ್ರ ಹೊರಡುವ ಮುಂಚೆಯೇ ಸಿಕ್ಕಿರಬೇಕು. ಸಿಕ್ಕಿದ್ದರೂ ವಾಪಸ್ ಹೋದಾಗ ಒಳಗೆ ಬಿಡುವುದು, ಬಿಡದಿರುವುದು ವಿಮಾನ ನಿಲ್ದಾಣದ ಅಧಿಕಾರಿಯ ಕೈಯಲ್ಲಿ.

ಎಚ್-1ಬಿ, ಎಲ್-1 ವೀಸಾದ ಮೇಲೆ ಕೆಲಸದಲ್ಲಿ ಇರುವವರಿಗೆ ಈ ಪೆರೋಲಿನಿಂದ ವಿನಾಯಿತಿ ಇದೆ, ನಿಜ. ಆದರೆ ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಚೆನ್ನೈ, ಹೈದರಾಬಾದು ಎಂದು ಓಡಬೇಕು. 2025ರ ಡಿಸೆಂಬರಿನಲ್ಲಿ ಏನಾಯಿತು? ಎಚ್-1ಬಿ ಅರ್ಜಿದಾರರ ಫೇಸ್‌ಬುಕ್ ಇತ್ಯಾದಿ ಜಾಲಾಡುವ ಹೊಸ ನಿಯಮ 15ರಿಂದ ಬಂತು. ಎಷ್ಟೋ ಜನರ ಸಂದರ್ಶನ 2026ರ ಮಾರ್ಚಿಗೋ ಅದರಾಚೆಗೋ ಹೋಯಿತು. ರಜೆಗೆಂದು ಬಂದವರು ಇಲ್ಲೇ ಸಿಕ್ಕಿಕೊಂಡರು. ಅಲ್ಲಿ ಮನೆ ಬಾಡಿಗೆ, ಕಾರಿನ ಕಂತು ನಿಲ್ಲುತ್ತಾ? ಕಂಪನಿಯಾದರೂ ಎಷ್ಟು ದಿನ ಕಾಯ್ತದೆ?

ಓದು ಮುಗಿಸಿದವರು ವಿದ್ಯಾರ್ಥಿ ವೀಸಾದಿಂದ ಎಚ್-1ಬಿಗೆ ಬದಲಾವಣೆ ಕೇಳಿದ್ದಾಗಲೂ ಅಷ್ಟೇ, ಮಧ್ಯೆ ಹೊರಟರೆ ಆ ಕೋರಿಕೆ ಬಿದ್ದುಹೋಗುತ್ತದೆ. ಇಂಗ್ಲೆಂಡಿನಲ್ಲೂ ವೀಸಾ ವಿಸ್ತರಣೆಯ ಅರ್ಜಿ ಬಾಕಿ ಇಟ್ಟು ಊರಿಗೆ ಬಂದರೆ ಅರ್ಜಿ ವಾಪಸ್ ಪಡೆದಂತೆಯೇ.

‘ಪಕ್ಕದ ಮನೆ ಹುಡುಗ ಬಂದು ಹೋಗಲಿಲ್ವಾ?’ ಎಂಬ ವಾದ ಬೇಡ. ಅವನ ಕಾಗದ ಬೇರೆ, ನಿಮ್ಮವನ ಕಾಗದ ಬೇರೆ. ಅಲ್ಲಿನ ವಕೀಲರನ್ನು ಕೇಳಿ ಹೊರಡಲಿ. ಗೃಹಪ್ರವೇಶಕ್ಕೆ ಇನ್ನೊಂದು ಮುಹೂರ್ತ ಸಿಗುತ್ತದೆ, ಪುರೋಹಿತರನ್ನು ಕೇಳಿದರಾಯಿತು.

ತಾಯಿ ಆಸ್ಪತ್ರೆ ಸೇರಿದ್ದರೆ ಮಾತು ಬೇರೆ. ಆಗ ತುರ್ತು ಪೆರೋಲ್ ಕೇಳಲು ಅಲ್ಲಿ ದಾರಿ ಇದೆ, ಆದರೆ ಪುರಾವೆ ಬೇಕು. ಡಾಕ್ಟರಿಂದ ಇಂಗ್ಲಿಷಿನಲ್ಲಿ ಪತ್ರ ಬರೆಸಿ, ಆಸ್ಪತ್ರೆಯ ದಾಖಲೆ ಜೊತೆಗಿಟ್ಟು ಅವತ್ತೇ ಕಳಿಸುವುದು ಇಲ್ಲಿಯವರ ಕೆಲಸ. ಫೋನಿನಲ್ಲಿ ಅತ್ತರೆ ಆ ಕಚೇರಿಗೆ ಕೇಳಿಸುವುದಿಲ್ಲ.

ಇನ್ನು ನಮ್ಮೂರಿನ ಟಿಕೆಟ್ ಏಜೆಂಟರು. ಅಪ್ಪಂದಿರು ಮಗನಿಗೆ ಟಿಕೆಟ್ ಮಾಡಿಸಲು ಬಂದಾಗ ಯಾವ ತಾರೀಖು, ಯಾವ ವಿಮಾನ ಅಂತ ಕೇಳುತ್ತೀರಲ್ಲ, ಅಲ್ಲಿ ಅರ್ಜಿ ಏನಾದರೂ ಬಾಕಿ ಇದೆಯಾ ಎಂದೂ ಕೇಳಿ. ನಿಮ್ಮ ಕಮಿಷನ್ ಏನೂ ಕಡಿಮೆಯಾಗದು.